ಗಾಜಿನೊಳಗೆ ನೀರು ಕುಣಿಯಬೇಕು

"ಎಂಜಿನ್ ರೆಡಿ ಇದೆ ಸರ್. ಇನ್ನು ಬಾಯ್ಲರ್ ಒಂದು ಆಗ್ಬಿಟ್ರೆ ದೋಣಿ ನೀರಿಗೆ ಇಳಿಸಬಹುದು."

ಹಬೆ ದೋಣಿ ಕಟ್ಟುವ ಹವ್ಯಾಸಿಗಳು ನನ್ನ ಹತ್ತಿರ ಬಂದಾಗ ಮಾತು ಹೆಚ್ಚಾಗಿ ಹೀಗೇ ಶುರುವಾಗುತ್ತದೆ. ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಎಂಜಿನ್ ಕೂಡ ತಂದಿರುತ್ತಾರೆ. ತಿಂಗಳುಗಟ್ಟಲೆ ಲೇತ್ ಮುಂದೆ ನಿಂತು ಮಾಡಿದ್ದು ಅದು. ಫ್ಲೈವೀಲನ್ನು ಬೆರಳಿನಿಂದ ತಿರುಗಿಸಿದರೆ ಪಿಸ್ಟನ್ ಸದ್ದೇ ಇಲ್ಲದೆ ಜಾರುತ್ತದೆ. ನೋಡಿ ನನಗೂ ಖುಷಿಯಾಗುತ್ತದೆ. ಆದರೂ ನಾನು ಕೇಳುವ ಮೊದಲ ಪ್ರಶ್ನೆ ಬದಲಾಗುವುದಿಲ್ಲ. ಇದು ನಿಮಿಷಕ್ಕೆ ಎಷ್ಟು ನೀರು ಕುಡಿಯುತ್ತೆ?

ಉತ್ತರ ಸಿಗುವುದು ಅಪರೂಪ. ಎಂಜಿನ್ ಕಣ್ಣಿಗೆ ಕಾಣುವ ಚಂದ, ಹಾಗಾಗಿ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಬಾಯ್ಲರ್ ಜೊತೆಗೇ ಕೆಲಸ ಮಾಡಿ ಮಾಡಿ ನನಗೆ ಗಟ್ಟಿಯಾಗಿರುವ ಮಾತು ಬೇರೆ. ಹಬೆ ದೋಣಿ ಓಡುವುದು ನೀರಿನ ಲೆಕ್ಕದ ಮೇಲೆ. ಆ ಲೆಕ್ಕ ಶುರುವಾಗಬೇಕಾದದ್ದು ದೋಣಿಯ ಒಡಲಿನಿಂದ. ಅಲ್ಲಿಂದ ಹಿಂದಕ್ಕೆ ಪ್ರೊಪೆಲ್ಲರ್, ಎಂಜಿನ್, ಹಬೆ, ಕೊನೆಗೆ ಬಾಯ್ಲರ್.

ಐದು ಮೀಟರ್ ಉದ್ದದ, ಮೂರ್ನಾಲ್ಕು ಜನ ಕೂರುವ ದೋಣಿ ಅಂದುಕೊಳ್ಳಿ. ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ವೇಗದ ಒಂದು ಮಿತಿ ಇದೆ. ವೇಗ ಏರಿದಂತೆ ಮೂತಿಯ ಹತ್ತಿರ ಏಳುವ ಅಲೆ ಉದ್ದವಾಗುತ್ತಾ ಹೋಗುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮ ಆಯಿತೋ, ದೋಣಿ ತಾನು ಎಬ್ಬಿಸಿದ ಅಲೆಯನ್ನೇ ಹತ್ತಲು ಒದ್ದಾಡುತ್ತದೆ. ನೀರಿನ ಮಟ್ಟದಲ್ಲಿ ದೋಣಿ ಎಷ್ಟು ಅಡಿ ಉದ್ದವೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. ಮಿತಿ ನಾಟ್ ಲೆಕ್ಕದಲ್ಲಿ ಸಿಗುತ್ತದೆ. 16 ಅಡಿಗೆ ಸುಮಾರು 5.4 ನಾಟ್ ಬರುತ್ತದೆ, ಅಂದರೆ ಗಂಟೆಗೆ 10 ಕಿಲೋಮೀಟರ್. ಅದಕ್ಕಿಂತ ದೊಡ್ಡ ಎಂಜಿನ್ ಇಟ್ಟರೆ ಅಲೆ ದೊಡ್ಡದಾಗುತ್ತದೆ, ಸೌದೆ ಜಾಸ್ತಿ ಖರ್ಚಾಗುತ್ತದೆ, ಅಷ್ಟೇ. ಇಂಥ ದೋಣಿ ನಾಲ್ಕೂವರೆ ನಾಟ್‌ನಲ್ಲಿ ಹಾಯಾಗಿ ಹೋಗಲು ಎರಡು ಅಶ್ವಶಕ್ತಿ ಸಾಕು.

ಎರಡು ಅಶ್ವಶಕ್ತಿಗೆ ಎಂಥ ಎಂಜಿನ್ ಬೇಕು? 60 ಮಿಲಿಮೀಟರ್ ಬೋರ್ (ಸಿಲಿಂಡರ್‌ನ ಒಳ ವ್ಯಾಸ), 60 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಇರುವ ಎರಡು ಸಿಲಿಂಡರ್. ಹಬೆ ಪಿಸ್ಟನ್‌ನ ಎರಡೂ ಕಡೆಯಿಂದ ತಳ್ಳಬೇಕು. ಸಿಲಿಂಡರ್ ಒಳಗೆ ಸರಾಸರಿ ಮೂರೂವರೆ ಬಾರ್ ಒತ್ತಡ (ಒಂದು ಬಾರ್ ಅಂದರೆ ಸುಮಾರಾಗಿ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ಸಿಕ್ಕಿ, ನಿಮಿಷಕ್ಕೆ 400 ಸುತ್ತು ತಿರುಗಿದರೆ ಎರಡು ಅಶ್ವಶಕ್ತಿಯ ಆಸುಪಾಸಿಗೆ ಬರುತ್ತದೆ. ಪಿಸ್ಟನ್‌ನ ಓಡಾಟವನ್ನು ಸುತ್ತಾಗಿ ಬದಲಿಸುವ ಎರಡು ಕ್ರ್ಯಾಂಕ್‌ಗಳ ನಡುವೆ 90 ಡಿಗ್ರಿ ಕೋನ ಇಡಿ. ಒಂದೇ ಸಿಲಿಂಡರ್ ಇದ್ದು ಪಿಸ್ಟನ್ ತುದಿಯಲ್ಲಿ ನಿಂತುಬಿಟ್ಟರೆ ಹಬೆ ಎಷ್ಟು ತಳ್ಳಿದರೂ ಅದು ತಿರುಗುವುದಿಲ್ಲ. ದಡಕ್ಕೆ ಬಡಿಯುವ ಹೊತ್ತಿಗೆ ಹಿಂದಕ್ಕೆ ತಿರುಗಿಸಬೇಕಾದಾಗ ಹೀಗಾದರೆ ಕಷ್ಟ ಅಲ್ವಾ? ಪ್ರೊಪೆಲ್ಲರ್ ಮಾತ್ರ ದೊಡ್ಡದಿರಲಿ, ನಿಧಾನವಾಗಿ ತಿರುಗಲಿ. ಸುಮಾರು 40 ಸೆಂಟಿಮೀಟರ್ ವ್ಯಾಸ, 50 ಸೆಂಟಿಮೀಟರ್ ಪಿಚ್, ಅಂದರೆ ಜಾರದೆ ಒಂದು ಸುತ್ತು ತಿರುಗಿದರೆ ಮುಂದೆ ಸಾಗುವ ದೂರ. ಪೆಟ್ರೋಲ್ ಎಂಜಿನ್‌ಗೆ ಮಾಡಿದ ಪುಟ್ಟ ಪ್ರೊಪೆಲ್ಲರನ್ನು ಸುಮ್ನೆ ತಂದು ಹಾಕಿದರೆ ನೀರು ಕಲಕುತ್ತದೆ, ದೋಣಿ ಮುಂದೆ ಹೋಗುವುದಿಲ್ಲ.

ಈಗ ನೀರಿಗೆ ಬರೋಣ. ಇಂಥ ಸಣ್ಣ, ಸರಳ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 15 ಕಿಲೋ ಹಬೆ ತಿನ್ನುತ್ತದೆ. ಎರಡಕ್ಕೆ 30 ಕಿಲೋ. ಅಂದರೆ ನಿಮಿಷಕ್ಕೆ ಅರ್ಧ ಲೀಟರ್ ನೀರು. ಬಾಯ್ಲರ್ ಒಳಗೆ ಒಟ್ಟು 15 ಲೀಟರ್ ನೀರಿದೆ ಅನ್ನಿ. ಅಷ್ಟನ್ನೂ ಬಳಸುವ ಹಾಗಿಲ್ಲ. ಒಳಗಿನ ನೀರಿನ ಮಟ್ಟ ತೋರಿಸಲು ಬಾಯ್ಲರ್ ಹೊರಗೆ ಕೂರಿಸಿದ ಗಾಜಿನ ಕೊಳವೆಯೇ ಗೇಜ್ ಗ್ಲಾಸ್. ಅದರಲ್ಲಿ ಕಾಣುವ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಎರಡೂವರೆ ಲೀಟರ್ ಇದ್ದರೆ ಹೆಚ್ಚು. ಪಂಪ್ ಕೆಲಸ ನಿಲ್ಲಿಸಿದರೆ ಗಾಜು ತುಂಬ ಇದ್ದ ನೀರು ಕಣ್ಣಿಂದ ಮರೆಯಾಗಲು ಐದೇ ನಿಮಿಷ. ಜೊತೆಗಿದ್ದವರಿಗೆ ದಡದ ಹಕ್ಕಿ ತೋರಿಸುತ್ತಾ ಕೂತರೆ ಆ ಐದು ನಿಮಿಷ ಹೋದದ್ದೇ ಗೊತ್ತಾಗುವುದಿಲ್ಲ.

ನೀರು ಇಳಿದರೆ ಏನಾಗುತ್ತದೆ? ಬೆಂಕಿಗೆ ಮೈಯೊಡ್ಡಿದ ತಾಮ್ರವನ್ನೋ ಉಕ್ಕನ್ನೋ ತಣ್ಣಗಿಟ್ಟಿರುವುದು ಒಳಗಿನ ನೀರೇ. ಅದು ಇಲ್ಲದಾಗ ಲೋಹ ಕೆಂಪಗೆ ಕಾಯುತ್ತದೆ, ಮೆತ್ತಗಾಗುತ್ತದೆ, ಉಬ್ಬಿ ಸೀಳುತ್ತದೆ. ನಾವು ಬಾಯ್ಲರ್ ಓಡಿಸುವ 7 ಬಾರ್ ಒತ್ತಡದಲ್ಲಿ ಅದರ ನೀರು ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಒತ್ತಡ ಹಿಡಿದಿಟ್ಟಿರುವುದರಿಂದ ಮಾತ್ರ ಅದು ಇನ್ನೂ ನೀರಾಗಿ ಉಳಿದಿದೆ. ತಗಡು ಸೀಳಿದ ಕ್ಷಣ ಆ 15 ಲೀಟರ್‌ನಲ್ಲಿ ಸುಮಾರು ಎರಡು ಲೀಟರ್ ನೀರು ಒಮ್ಮೆಗೇ ಹಬೆಯಾಗಿ, 3,000 ಲೀಟರ್ ಜಾಗ ಬೇಡುತ್ತದೆ. ಐದು ಮೀಟರ್ ದೋಣಿಯಲ್ಲಿ ಓಡಿಹೋಗಲು ಜಾಗ ಎಲ್ಲಿದೆ?

1803ರಲ್ಲಿ ಇಂಗ್ಲೆಂಡಿನ ಗ್ರೀನ್‌ವಿಚ್‌ನಲ್ಲಿ ರಿಚರ್ಡ್ ಟ್ರೆವಿಥಿಕ್ ಕಟ್ಟಿದ ಒಂದು ಹಬೆ ಎಂಜಿನ್‌ನ ಬಾಯ್ಲರ್ ಸಿಡಿದು ಜನ ಸತ್ತರು. ಅದನ್ನು ನೋಡಿಕೊಳ್ಳಬೇಕಿದ್ದ ಹುಡುಗ ಹಾವುಮೀನು ಹಿಡಿಯಲು ಹೋಗಿದ್ದ. ಆಮೇಲೆ ಟ್ರೆವಿಥಿಕ್ ಒಂದರ ಬದಲು ಎರಡು ಸೇಫ್ಟಿ ವಾಲ್ವ್ ಇಡಲು ಶುರು ಮಾಡಿದರು. ನೀರು ಇಳಿದರೆ ಕರಗಿ, ಹಬೆಯನ್ನು ಬೆಂಕಿಯ ಮೇಲೆ ಬಿಡುವ ಸೀಸದ ಬಿರಡೆಯನ್ನೂ ಸೇರಿಸಿದರು. ಆ ಬಿರಡೆಯ ಉಪಾಯ ಇವತ್ತಿಗೂ ಬಳಕೆಯಲ್ಲಿದೆ. ಮನೆಯ ಪ್ರೆಶರ್ ಕುಕ್ಕರ್ ಮುಚ್ಚಳದಲ್ಲಿ ಕರಗುವ ಸೇಫ್ಟಿ ವಾಲ್ವ್ ಇರುತ್ತದಲ್ಲ, ಅದೂ ಇದೇ ವಂಶದ್ದು. ಕುಕ್ಕರ್ ಒಳಗಿನ ಒತ್ತಡ ಸುಮಾರು ಒಂದು ಬಾರ್. ನಾವು ಮಾತಾಡುತ್ತಿರುವುದು ಅದರ ಏಳರಷ್ಟು.

ಹಾಗಂತ ಹೆದರಿ ಬಿಡಬೇಕಿಲ್ಲ. ಲೆಕ್ಕ ಮಾಡಿ ಕಟ್ಟಿದ ಬಾಯ್ಲರ್ ಬಹಳ ನಂಬಿಕಸ್ತ. ಗಂಟೆಗೆ 30 ಕಿಲೋ ಹಬೆ ಬೇಕು. ಬೆಂಕಿಯ ಬಿಸಿ ತಾಗುವ ಒಂದು ಚದರ ಮೀಟರ್ ಮೈಯಿಂದ ಗಂಟೆಗೆ 25 ಕಿಲೋ ಹಬೆ ಅಂತ ಹಿಡಿದರೆ 1.2 ಚದರ ಮೀಟರ್ ಬೇಕಾಗುತ್ತದೆ. 20 ಮಿಲಿಮೀಟರ್ ಕೊಳವೆಯಲ್ಲಿ ಹೇಳುವುದಾದರೆ ಸುಮಾರು 19 ಮೀಟರ್. ಇದನ್ನು ಕಡಿಮೆ ಮಾಡಿ ಬಾಯ್ಲರ್ ಚಿಕ್ಕದಾಗಿಸಿದವರು ಆಮೇಲೆ ದೋಣಿ ನಿಲ್ಲಿಸಿ ನಿಲ್ಲಿಸಿ ಒತ್ತಡ ಏರಲಿ ಅಂತ ಕಾಯುತ್ತಾರೆ. ಒಣ ಸೌದೆ ಗಂಟೆಗೆ ಹತ್ತು ಕಿಲೋ ಮೇಲೆ ಬೇಕು, ಅದಕ್ಕೂ ದೋಣಿಯಲ್ಲಿ ಜಾಗ ಇಡಿ.

ನನ್ನ ಒಲವು ನೀರು ಕೊಳವೆಯ ಒಳಗೆ, ಬೆಂಕಿ ಹೊರಗೆ ಇರುವ ಬಾಯ್ಲರ್ ಕಡೆಗೆ. ಕಾರಣ ಸರಳ. ಒಂದೇ ಒತ್ತಡಕ್ಕೆ ಸಣ್ಣ ಕೊಳವೆ ತೆಳು ಗೋಡೆಯಲ್ಲೇ ತಡೆದುಕೊಳ್ಳುತ್ತದೆ, ದೊಡ್ಡ ಡ್ರಮ್ಮಿಗೆ ದಪ್ಪ ತಗಡು ಬೇಕು. 30 ಸೆಂಟಿಮೀಟರ್ ವ್ಯಾಸದ ಚಪ್ಪಟೆ ಮುಚ್ಚಳದ ಮೇಲೆ 7 ಬಾರ್ ಒತ್ತಡ ಅಂದರೆ ಐದು ಟನ್ ಭಾರ. ಚಪ್ಪಟೆ ತಗಡು ಅಷ್ಟನ್ನು ತಡೆಯಬೇಕಾದರೆ ಒಳಗಿನಿಂದ ಎಳೆದು ಹಿಡಿಯುವ ಸರಳುಗಳು ಬೇಕೇ ಬೇಕು.

ಬೆಸುಗೆ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ವಯರ್ ಬೆಸೆಯುವ ತವರ-ಸೀಸದ ಬೆಸುಗೆ ಕರಗುವುದು 183 ಡಿಗ್ರಿಗೆ. ನಮ್ಮ ನೀರೇ 170ರಲ್ಲಿದೆ. ಅಲ್ಲಿ ಆ ಬೆಸುಗೆಗೆ ಬೆಣ್ಣೆಯಷ್ಟೂ ಬಲ ಇರುವುದಿಲ್ಲ. ತಾಮ್ರಕ್ಕೆ 600 ಡಿಗ್ರಿ ದಾಟಿ ಕರಗುವ ಬೆಳ್ಳಿ ಬೆಸುಗೆಯೇ ಬೇಕು. ಉಕ್ಕಿನ ಬಾಯ್ಲರ್ ಆದರೆ ಒತ್ತಡದ ಪಾತ್ರೆಗಳನ್ನು ಬೆಸೆಯಲು ಪರೀಕ್ಷೆ ಪಾಸಾದ ವೆಲ್ಡರ್ ಕೈಗೆ ಕೊಡಿ, ಗೇಟು ಬೆಸೆಯುವವರಿಗೆ ಬೇಡ. ನೀರು ತಾಗುವ ಫಿಟಿಂಗ್‌ಗಳು ಹಿತ್ತಾಳೆಯಲ್ಲಿ ಬೇಡ, ಕಂಚಿನಲ್ಲಿರಲಿ. ಹಿತ್ತಾಳೆಯ ಸತು ನೀರಿಗೆ ಮೆಲ್ಲಗೆ ಕರಗಿಹೋಗಿ ಉಳಿದದ್ದು ಒಳಗೊಳಗೇ ಪೊಳ್ಳಾಗುತ್ತದೆ. ಇನ್ನೊಂದು ಮಾತು. ಒತ್ತಡದ ಪಾತ್ರೆಗಳಿಗೆ ಬಹುತೇಕ ದೇಶಗಳಲ್ಲಿ ಕಾನೂನಿದೆ, ಯಾವ ಅಳತೆಯಿಂದ ಅನ್ವಯ ಅನ್ನುವುದು ಮಾತ್ರ ಬೇರೆ ಬೇರೆ. ತಗಡು ಕತ್ತರಿಸುವ ಮುಂಚೆಯೇ ನಕ್ಷೆ ಹಿಡಿದು ಬಾಯ್ಲರ್ ಇನ್ಸ್‌ಪೆಕ್ಟರ್ ಹತ್ತಿರ ಹೋಗಿ. ಕಟ್ಟಿ ಮುಗಿಸಿ ಬಂದರೆ ಒಳಗಿನ ಬೆಸುಗೆಯನ್ನು ಅವರಾದರೂ ಹೇಗೆ ನೋಡುತ್ತಾರೆ?

ಕಟ್ಟಿದ ಮೇಲೆ ಮೊದಲ ಪರೀಕ್ಷೆ ತಣ್ಣೀರಲ್ಲಿ. ಗಾಳಿಯ ಒಂದು ಗುಳ್ಳೆಯೂ ಉಳಿಯದ ಹಾಗೆ ಬಾಯ್ಲರ್ ತುಂಬಿಸಿ, ದೋಣಿ ಓಡಿಸುವಾಗ ಇರುವ ಒತ್ತಡದ ಎರಡರಷ್ಟಕ್ಕೆ ಕೈಪಂಪಿನಿಂದ ಏರಿಸುತ್ತೇವೆ. ನೀರು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಎಲ್ಲಾದರೂ ಬಿರುಕು ಬಿಟ್ಟರೆ ನಾಲ್ಕು ಹನಿ ಹೊರಬಂದು ಒತ್ತಡ ತೋರಿಸುವ ಮುಳ್ಳು ಸೊನ್ನೆಗೆ ಬೀಳುತ್ತದೆ. ಕಂಪ್ರೆಸರ್ ಗಾಳಿಯಲ್ಲಿ ಇದನ್ನು ಯಾವತ್ತೂ ಮಾಡಬೇಡಿ. ಕುಗ್ಗಿದ ಗಾಳಿ ಬಿರುಕು ಸಿಕ್ಕರೆ ಬಾಂಬಿನಂತೆ ಸಿಡಿಯುತ್ತದೆ. ಒತ್ತಡ ಏರಿಸಿ ಅರ್ಧ ಗಂಟೆ ಬಿಟ್ಟು, ಒಣ ಬೆರಳಿನಿಂದ ಒಂದೊಂದೇ ಸಂದನ್ನು ಸವರಿಕೊಂಡು ಹೋಗುತ್ತೇನೆ. ಕಣ್ಣಿಗೆ ಕಾಣದ ತೇವ ಬೆರಳಿಗೆ ಸಿಗುತ್ತದೆ.

ಬಾಯ್ಲರ್‌ಗೆ ನೀರು ಕೊಡಲು ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾರಿ ಇರಲೇಬೇಕು. ಎಂಜಿನ್ ಶಾಫ್ಟಿನಿಂದ ಓಡುವ ಪಂಪ್ ಒಳ್ಳೆಯದೇ. ಆದರೆ ದೋಣಿ ನಿಂತಾಗ ಅದೂ ನಿಲ್ಲುತ್ತದೆ. ಬೆಂಕಿ ನಿಲ್ಲುವುದಿಲ್ಲ. ಹಾಗಾಗಿ ಕೈಪಂಪ್ ಒಂದು ಬೇಕು, ಕೂತ ಜಾಗದಿಂದಲೇ ಕೈಗೆ ಸಿಗುವಂತೆ. ಸಿಹಿನೀರಿನಲ್ಲಿ ಮೊದಲ ದೋಣಿ ಕಟ್ಟುವವರು ಬಳಸಿದ ಹಬೆಯನ್ನು ಚಿಮಣಿಗೆ ಬಿಟ್ಟುಬಿಡಿ. ಬೆಂಕಿಗೂ ಗಾಳಿಯ ಎಳೆತ ಸಿಗುತ್ತದೆ. ಸಮುದ್ರದಲ್ಲಿ ಹಾಗೆ ಮಾಡುವಂತಿಲ್ಲ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರನ್ನು ಗಂಟೆಗೆ 30 ಲೀಟರ್ ಕಾಯಿಸಿದರೆ ಒಂದು ಕಿಲೋ ಉಪ್ಪು ಬಾಯ್ಲರ್‌ನಲ್ಲೇ ಉಳಿಯುತ್ತದೆ. ಅಲ್ಲಿ ಬಳಸಿದ ಹಬೆಯನ್ನು ತಣಿಸಿ ಮತ್ತೆ ನೀರು ಮಾಡುವ ಕಂಡೆನ್ಸರ್ ಬೇಕು. ಕಂಡೆನ್ಸರ್ ಬಂತೆಂದರೆ ಹಬೆಯ ಜೊತೆ ಬರುವ ಸಿಲಿಂಡರ್ ಎಣ್ಣೆಯನ್ನು ಸೋಸುವ ಕೆಲಸವೂ ಬಂತು.

ಕಳೆದ ಸಲ ಒಬ್ಬ ಯುವಕ ತನ್ನ ದೋಣಿ ತೋರಿಸಲು ಕರೆದಿದ್ದ. ಕೆಲಸ ಅಚ್ಚುಕಟ್ಟು. ತಣ್ಣೀರಿನ ಪರೀಕ್ಷೆ ಮುಗಿದಿತ್ತು, ಸೇಫ್ಟಿ ವಾಲ್ವ್ ಹೇಳಿದ ಒತ್ತಡಕ್ಕೆ ಸರಿಯಾಗಿ ಹಾರುತ್ತಿತ್ತು. ದೋಣಿಯನ್ನು ಕಂಬಕ್ಕೆ ಕಟ್ಟಿ ಎಂಜಿನ್ ಓಡಿಸುತ್ತಿದ್ದ. ಗಾಜಿನಲ್ಲಿ ನೀರು ಅರ್ಧಕ್ಕಿಂತ ಸ್ವಲ್ಪ ಮೇಲೆ. "ನೀರು ಚೆನ್ನಾಗಿದೆ ಸರ್, ಪಂಪ್ ಹಾಕೋದೇ ಬೇಕಾಗ್ಲಿಲ್ಲ" ಅಂದ. ಪಕ್ಕದಲ್ಲಿ ಹಾದ ದೋಣಿಯೊಂದರ ಅಲೆಗೆ ನಮ್ಮ ದೋಣಿ ತೂಗಾಡಿತು. ಗಾಜಿನ ನೀರು ಅಲುಗಲಿಲ್ಲ. ಗೆರೆ ಎಳೆದಂತೆ ನಿಂತಿತ್ತು.

"ಮೊದಲು ಬೆಂಕಿ ಹೊರಗೆ ಎಳೀಪ್ಪಾ. ಪಂಪ್ ಮುಟ್ಟಬೇಡ" ಅಂದೆ.

ಗೇಜ್ ಗ್ಲಾಸ್‌ನ ಕೆಳಗಿನ ದಾರಿ ಕಟ್ಟಿಕೊಂಡಾಗ ಹೀಗಾಗುತ್ತದೆ. ಬಾಯ್ಲರ್ ನೀರಿಗೂ ಗಾಜಿನ ನೀರಿಗೂ ಸಂಪರ್ಕ ತಪ್ಪುತ್ತದೆ. ಮೇಲಿನ ದಾರಿಯಿಂದ ಬಂದ ಹಬೆ ಗಾಜಿನಲ್ಲಿ ತಣಿದು ಹನಿಹನಿಯಾಗಿ ಸೇರುತ್ತದೆ. ಒಳಗೆ ನೀರು ಇಳಿಯುತ್ತಿದ್ದರೆ ಗಾಜಿನಲ್ಲಿ ಏರುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ತಣ್ಣೀರು ಪಂಪ್ ಮಾಡಿದರೆ ಕಾದ ಲೋಹದ ಮೇಲೆ ಬೀಳುತ್ತದೆ. ಅದಕ್ಕೇ ಮೊದಲು ಬೆಂಕಿ ತೆಗೆಯಬೇಕು. ತಣಿದ ಮೇಲೆ ಬಿಚ್ಚಿ ನೋಡಿದೆವು. ಸಂದಿಗೆ ಹಚ್ಚಿದ್ದ ಪೇಸ್ಟ್ ಒಳಗೆ ನುಗ್ಗಿ, ಮೂರು ಮಿಲಿಮೀಟರ್ ರಂಧ್ರದಲ್ಲಿ ಗಟ್ಟಿಯಾಗಿ ಕೂತಿತ್ತು. ಕೊಳವೆಗಳಿಗೆ ಏನೂ ಆಗಿರಲಿಲ್ಲ. ಇನ್ನೊಂದೆರಡು ನಿಮಿಷ ಹೋಗಿದ್ದರೆ ಹೀಗೆ ಹೇಳಲು ಆಗುತ್ತಿರಲಿಲ್ಲ.

ಇದನ್ನು ಕಂಡುಹಿಡಿಯಲು ಅರ್ಧ ನಿಮಿಷದ ಕೆಲಸ ಸಾಕು. ಗಾಜಿನ ಮೇಲಿನ, ಕೆಳಗಿನ ನಲ್ಲಿಗಳನ್ನು ಮುಚ್ಚಿ, ಅಡಿಯ ಡ್ರೈನ್ ತೆರೆಯಿರಿ. ಈಗ ಕೆಳಗಿನ ನಲ್ಲಿ ಮಾತ್ರ ತೆರೆದರೆ ನೀರು ರಭಸದಿಂದ ನುಗ್ಗಬೇಕು. ಅದನ್ನು ಮುಚ್ಚಿ ಮೇಲಿನದು ತೆರೆದರೆ ಹಬೆ ಬುಸ್ ಎನ್ನಬೇಕು. ಆಮೇಲೆ ಡ್ರೈನ್ ಮುಚ್ಚಿ ಎರಡೂ ತೆರೆದರೆ ನೀರು ತಟ್ಟನೆ ತನ್ನ ಮಟ್ಟಕ್ಕೆ ಬರಬೇಕು. ಮೆಲ್ಲಗೆ ತೆವಳಿಕೊಂಡು ಬಂದರೆ ದಾರಿ ಎಲ್ಲೋ ಕಟ್ಟುತ್ತಿದೆ ಅಂತಲೇ ಅರ್ಥ. ದೋಣಿ ಬಿಡುವ ಮುಂಚೆ ಒಮ್ಮೆ, ಆಮೇಲೆ ಗಂಟೆಗೊಮ್ಮೆ ಹೀಗೆ ಮಾಡಿ.

ಆ ಹುಡುಗ ರಂಧ್ರವನ್ನು ಆರು ಮಿಲಿಮೀಟರಿಗೆ ಕೊರೆದ. ಬ್ರಷ್ ತೂರಿಸಿ ತೊಳೆಯಲು ಎದುರು ಒಂದು ಬಿರಡೆಯನ್ನೂ ಇಟ್ಟ. ಎರಡು ವಾರ ಬಿಟ್ಟು ಮತ್ತೆ ಹೋದೆ. ಬೆಂಕಿ ಹಚ್ಚಿ ಮುಕ್ಕಾಲು ಗಂಟೆಗೆ ಮುಳ್ಳು 7 ಬಾರ್ ಮುಟ್ಟಿತು. ಸಿಲಿಂಡರ್‌ಗಳ ಡ್ರೈನ್ ತೆರೆದು, ತಣಿದು ನಿಂತ ನೀರನ್ನೆಲ್ಲ ಉಗುಳಿಸಿ ಎಂಜಿನ್ ಬೆಚ್ಚಗೆ ಮಾಡಿದ. ಗೇಜ್ ಗ್ಲಾಸ್ ಪರೀಕ್ಷೆ ನಾನು ಹೇಳುವ ಮೊದಲೇ ಮುಗಿಸಿದ್ದ. ನಾನು ಹಗ್ಗ ಬಿಚ್ಚಿದೆ. ದೋಣಿ ಅಲುಗಿದ ಕೂಡಲೇ ಗಾಜಿನ ನೀರು ಒಂದು ಬೆರಳಷ್ಟು ಮೇಲೆ ಕೆಳಗೆ ಕುಣಿಯಿತು. ಅವನು ಅದನ್ನು ಎರಡು ಕ್ಷಣ ನೋಡಿ, ಆಮೇಲೆ ಹಬೆಯ ವಾಲ್ವ್ ತಿರುಗಿಸಿದ.