ಹಳೆಯ ಮಾರುತಿ 800ರ ರೇಡಿಯೇಟರ್ ಹೋಸ್ ಬದಲಿಸುವುದು: ಕಲಿಯುವವರಿಗೆ ಟಿಪ್ಪಣಿ

ಮಾರುತಿ 800ರ ತಯಾರಿಕೆ 1983ರ ಡಿಸೆಂಬರ್‌ನಲ್ಲಿ ಶುರುವಾಗಿ 2014ರ ಜನವರಿಯಲ್ಲಿ ನಿಂತಿತು. ಅಂದರೆ ಈಗ ಓಡುತ್ತಿರುವ ಅತಿ ಹೊಸ 800ಕ್ಕೂ ಹತ್ತು ವರ್ಷ ದಾಟಿದೆ. 796 ಸಿಸಿಯ ಈ ಮೂರು ಸಿಲಿಂಡರ್ ಎಂಜಿನ್ ಗಟ್ಟಿಮುಟ್ಟು. ಆದರೆ ಅದರ ಹೆಡ್ (ಸಿಲಿಂಡರ್‌ಗಳನ್ನು ಮೇಲಿನಿಂದ ಮುಚ್ಚುವ ಭಾಗ) ಅಲ್ಯೂಮಿನಿಯಂ. ಒಮ್ಮೆ ನೀರಿಲ್ಲದೆ ಕಾದರೆ ಹೆಡ್ ಸೊಟ್ಟಗಾಗುತ್ತದೆ, ಅದರ ಕೆಳಗಿನ ಗ್ಯಾಸ್ಕೆಟ್ (ಸೋರದಂತೆ ತಡೆಯುವ ಪದರ) ಹೋಗುತ್ತದೆ. ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ನೀರು ಒಯ್ಯುವ ಕೆಲವು ನೂರು ರೂಪಾಯಿಯ ರಬ್ಬರ್ ಪೈಪಿನಿಂದ, ಅಂದರೆ ಹೋಸಿನಿಂದ, ಸಾವಿರಗಟ್ಟಲೆ ಖರ್ಚು ಬೀಳುವುದು ಹೀಗೆ.

ಹೋಸ್ ಎಲ್ಲಿ ಹಾಳಾಗುತ್ತದೆ

ಹೊರಗೆ ಬಿರುಕು ಕಂಡರೆ ಮಾತ್ರ ಹೋಸ್ ಹಳತಾಯಿತು ಎಂದುಕೊಳ್ಳುವುದು ತಪ್ಪು. ಬಹುಪಾಲು ಹೋಸ್ ಸಾಯುವುದು ಒಳಗಿನಿಂದ, ಅದೂ ತುದಿಯನ್ನು ಬಿಗಿದಿಡುವ ಕ್ಲಿಪ್ಪಿನಿಂದ ಎರಡು ಇಂಚಿನೊಳಗೆ. ರಬ್ಬರಿಗೆ ಬೆರೆಸಿದ ಇಂಗಾಲದ ಪುಡಿಯಿಂದ ಹೋಸ್ ಅಲ್ಪಸ್ವಲ್ಪ ವಿದ್ಯುತ್ ಹರಿಸುತ್ತದೆ. ಒಂದು ಕಡೆ ಹೋಸ್ ಕೂರುವ ಲೋಹದ ಮೂತಿ, ಇನ್ನೊಂದು ಕಡೆ ಈ ರಬ್ಬರ್, ನಡುವೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ): ಮೂರೂ ಸೇರಿ ಸಣ್ಣದೊಂದು ಬ್ಯಾಟರಿಯೇ ಆಗಿಬಿಡುತ್ತದೆ. ಅದರ ಪರಿಣಾಮವಾಗಿ ಒಳಗೋಡೆಯಲ್ಲಿ ಉದ್ದುದ್ದಕ್ಕೆ ಕೂದಲೆಳೆಯಂಥ ಸೀಳು ಮೂಡುತ್ತದೆ. ಸೀಳಿನಲ್ಲಿ ಇಳಿದ ನೀರು ಒಳಗಿನ ನೂಲಿನ ಹೆಣಿಗೆಗೆ ತಾಗಿ ಅದನ್ನು ಕೊಳೆಸುತ್ತದೆ. ಹೊರಗೆ ನೋಡಿದರೆ ಹೋಸ್ ಕಪ್ಪಗೆ ಹೊಳೆಯುತ್ತಲೇ ಇರುತ್ತದೆ. ಹೆಚ್ಚು ಬಿಸಿ ಉಣ್ಣುವ ಮೇಲಿನ ಹೋಸಿಗೆ ಈ ರೋಗ ಬೇಗ.

ಹಾಗಾಗಿ ಕಣ್ಣಿಗಿಂತ ಬೆರಳನ್ನು ನಂಬಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಲಿಪ್ಪಿನ ಪಕ್ಕದಲ್ಲಿ ಹೆಬ್ಬೆರಳು–ತೋರುಬೆರಳಿನಿಂದ ಒತ್ತಿ, ಆಮೇಲೆ ಹೋಸಿನ ನಡುಭಾಗವನ್ನು ಒತ್ತಿ, ಎರಡನ್ನೂ ಹೋಲಿಸಿ. ತುದಿ ಮೆತ್ತಗಿದ್ದು, ಒಳಗೆ ಗೀರುಗೀರಾದ ಸಂದು ಬೆರಳಿಗೆ ಸಿಕ್ಕರೆ ಒಳಸೀಳು ಆಗಿದೆ. ಒತ್ತಿದಾಗ ಒಣ ಹಪ್ಪಳದಂತೆ ಚರಕ್ಕೆಂದರೆ ಶಾಖಕ್ಕೆ ಬೆಂದಿದೆ. ಸ್ಪಂಜಿನಂತೆ ಊದಿ ಅಂಟಂಟಾಗಿದ್ದರೆ ಎಣ್ಣೆ ಕುಡಿದಿದೆ. ಈ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ ವಿಷ. ಮೊದಲು ಟ್ಯಾಪೆಟ್ ಕವರ್ (ಎಂಜಿನ್ನಿನ ಮೇಲಿನ ಮುಚ್ಚಳ) ಗ್ಯಾಸ್ಕೆಟ್ಟಿನ ಸೋರಿಕೆ ನಿಲ್ಲಿಸಿ, ಇಲ್ಲದಿದ್ದರೆ ಹೊಸ ಹೋಸಿಗೂ ಅದೇ ಗತಿ.

ಇನ್ನೊಂದು ಸುಳಿವು: ಬೆಳಿಗ್ಗೆ ಬಾನೆಟ್ ಎತ್ತಿದಾಗ ಮೇಲಿನ ಹೋಸ್ ಹೀರಿದಂತೆ ಚಪ್ಪಟೆಯಾಗಿದ್ದರೆ ಹೋಸಿಗೆ ಬೈಯುವ ಮುನ್ನ ರೇಡಿಯೇಟರ್ ಕ್ಯಾಪ್ ನೋಡಿ. ಎಂಜಿನ್ ತಣಿಯುವಾಗ ರಿಸರ್ವ್ ಡಬ್ಬಿಯಿಂದ ನೀರು ಹಿಂದಕ್ಕೆ ಬರಲು ಕ್ಯಾಪಿನ ನಡುವೆ ಪುಟ್ಟ ವಾಲ್ವ್ ಇದೆ. ಅದು ತುಕ್ಕು ಹಿಡಿದು ಅಂಟಿಕೊಂಡರೂ, ಡಬ್ಬಿಯ ಸಣ್ಣ ಪೈಪ್ ಕಟ್ಟಿಕೊಂಡರೂ ಹೀಗಾಗುತ್ತದೆ.

ಏನೇನು ತರಬೇಕು

ಮೇಲಿನ ಹೋಸ್, ಕೆಳಗಿನ ಹೋಸ್, ಎರಡು ಹೀಟರ್ ಹೋಸ್, ಇನ್‌ಟೇಕ್ ಮ್ಯಾನಿಫೋಲ್ಡಿಗೆ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ಬಿಸಿನೀರು ಒಯ್ಯುವ ಸಣ್ಣ ಹೋಸ್‌ಗಳು. ಒಂದು ಹೋಗಿದ್ದರೆ ಉಳಿದವಕ್ಕೂ ಅಷ್ಟೇ ವಯಸ್ಸು, ಎಲ್ಲವನ್ನೂ ಒಟ್ಟಿಗೆ ಹಾಕಿ. ನಮ್ಮ ಊರುಗಳಲ್ಲಿ ಹೀಟರ್ ಯಾರೂ ಹಾಕುವುದಿಲ್ಲ, ಅದಕ್ಕೇ ಅದರ ಹೋಸನ್ನು ಮರೆಯುತ್ತಾರೆ. ಹೀಟರ್ ಹಾಕಲಿ ಬಿಡಲಿ, ಅದರಲ್ಲಿ ಒತ್ತಡ ಇದ್ದೇ ಇರುತ್ತದೆ.

ಹಳೆಯ ಹೋಸನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ, ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ. ಬಾಗು ಅಚ್ಚಿನಲ್ಲೇ ಬಂದಿರುವ ಹೋಸ್ ಬೇಕು. ಮೀಟರ್ ಲೆಕ್ಕದ ನೇರ ಪೈಪನ್ನು ಬಗ್ಗಿಸಿ ಕೂರಿಸಿದರೆ ತಿರುವಿನಲ್ಲಿ ಮಡಿಕೆ ಬಿದ್ದು ಹರಿವು ಕಟ್ಟುತ್ತದೆ. ಕೆಳಗಿನ ಹೋಸಿನೊಳಗೆ ತಂತಿಯ ಸುರುಳಿ ಇದ್ದರೆ ಹೊಸದರಲ್ಲೂ ಇರಲೇಬೇಕು. ಅದು ಪಂಪ್ ನೀರೆಳೆಯುವ ಕಡೆ. ಮೆತ್ತನೆಯ ಹೋಸ್ ಜೋರು ಓಟದಲ್ಲಿ ಒಳಕ್ಕೆ ಕುಸಿಯುತ್ತದೆ. ಊರೊಳಗೆ ಸರಿಯಿದ್ದ ಕಾರು ಹೆದ್ದಾರಿಯಲ್ಲಿ ಮಾತ್ರ ಹೀಟ್ ಆಗುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ.

ಜೊತೆಗೆ ಹೊಸ ಕ್ಲಿಪ್‌ಗಳು, ನಾಲ್ಕು ಲೀಟರ್ ಆಗುವಷ್ಟು ಕೂಲೆಂಟ್ ಮಿಶ್ರಣ, ಸಣ್ಣ ಎಮರಿ ಕಾಗದ, ಹರಿತವಾದ ಬ್ಲೇಡ್, ಅಗಲವಾದ ಟಬ್. ಸಾಂದ್ರ ಕೂಲೆಂಟ್ ಕೊಂಡಿದ್ದರೆ ಬೆರೆಸಲು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರಿನ ಸುಣ್ಣ ರೇಡಿಯೇಟರ್ ಕೊಳವೆಗಳಲ್ಲಿ ಕೂತುಬಿಡುತ್ತದೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲೆಂಟ್ ಯಾಕೆ ಎಂದು ಕೇಳುವವರಿದ್ದಾರೆ. ತುಕ್ಕು ತಡೆಯುವುದು, ಕುದಿಬಿಂದು ಏರಿಸುವುದು, ಪಂಪಿನ ಸೀಲ್ ಕಾಯುವುದು: ಈ ಮೂರು ಕೆಲಸ ಬರಿ ನೀರಿನಿಂದ ಆಗದು.

ಬಿಚ್ಚುವುದು

ಬಿಸಿ ಎಂಜಿನ್ನಿನ ಕ್ಯಾಪ್ ತೆರೆಯಬೇಡಿ. ಕ್ಯಾಪ್ ಮೇಲೆ 0.9 (ಬಾರ್, ಒತ್ತಡದ ಅಳತೆ) ಎಂದಿದ್ದರೆ ಆ ಒತ್ತಡದಲ್ಲಿ ಬರಿ ನೀರೂ ಸುಮಾರು 118 ಡಿಗ್ರಿವರೆಗೆ ಕುದಿಯದೆ ನಿಲ್ಲುತ್ತದೆ. ಕ್ಯಾಪ್ ತಿರುಗಿಸಿದ ಗಳಿಗೆಯಲ್ಲೇ ಒತ್ತಡ ಬಿದ್ದು, 105 ಡಿಗ್ರಿಯ ನೀರು ಉಗಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಎರಡು ಮೂರು ಗಂಟೆ ಬಿಟ್ಟು ಶುರುಮಾಡಿ.

ಕ್ಯಾಪ್ ತೆಗೆದು, ಕೆಳಗಿನ ಡ್ರೈನ್ ಬಿಚ್ಚಿ ಟಬ್ಬಿಗೆ ಇಳಿಸಿ. ಇಳಿದದ್ದನ್ನು ಅಳೆದು ಬರೆದಿಡಿ, ತುಂಬುವಾಗ ಈ ಲೆಕ್ಕ ಬೇಕಾಗುತ್ತದೆ. ಕೂಲೆಂಟ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ; ಟಬ್ಬನ್ನು ತೆರೆದಿಟ್ಟು ಚಹಾಕ್ಕೆ ಹೋಗಬೇಡಿ.

ಕ್ಲಿಪ್ ಸಡಿಲಿಸಿದರೂ ಹೋಸ್ ಮೂತಿಗೆ ಕಚ್ಚಿಕೊಂಡಿರುತ್ತದೆ. ಇಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಜಗ್ಗಿ ತಿರುಚಲೂಬೇಡಿ. ಹೇಗೂ ಎಸೆಯುವ ಹೋಸ್. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸಿಪ್ಪೆಯಂತೆ ಸುಲಿಯಿರಿ. ಬ್ಲೇಡ್ ಲೋಹಕ್ಕೆ ಗೀರು ಹಾಕದಂತೆ ಕೊನೆಯ ಪದರವನ್ನು ಕೈಯಿಂದ ಹರಿಯಿರಿ. ಹೀಟರ್ ಕಡೆ ಇನ್ನೂ ನಾಜೂಕು: ಅಲ್ಲಿನ ಪೈಪ್ ತೆಳು, ಅದು ಮುರಿದರೆ ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ ಬೀಳುತ್ತದೆ.

ಮೂತಿ ಮತ್ತು ಕ್ಲಿಪ್

ಹೊಸ ಹೋಸ್ ಹಾಕಿದ ಮೇಲೂ ಸೋರುತ್ತಿದೆ ಎಂಬ ದೂರಿನ ಮೂಲ ಹೆಚ್ಚಾಗಿ ಮೂತಿಯಲ್ಲೇ ಇರುತ್ತದೆ. ಅಲ್ಯೂಮಿನಿಯಂ ಮೂತಿಯ ಮೇಲೆ ಬಿಳಿ ಪುಡಿ, ಹಳೆಯ ರಬ್ಬರಿನ ಚೂರು ಅಂಟಿರುತ್ತವೆ. ಎಮರಿಯಿಂದ ಸುತ್ತಲೂ, ಅಂದರೆ ಉಂಗುರ ತಿರುಗಿಸಿದಂತೆ, ತಿಕ್ಕಿ. ಉದ್ದಕ್ಕೆ ತಿಕ್ಕಿದರೆ ಆ ಗೀರುಗಳೇ ನೀರಿಗೆ ಕಾಲುವೆ. ಉಗುರು ಸಿಕ್ಕುವಷ್ಟು ಆಳದ ಗುಳಿಯಿದ್ದರೆ ಆ ಭಾಗವನ್ನೇ ಬದಲಿಸುವುದು ಲೇಸು. ಎಂಸೀಲ್ ಮೆತ್ತಿದ ಮೂತಿ ಬಹಳ ದಿನ ಬಾಳುವುದಿಲ್ಲ.

ಕ್ಲಿಪ್‌ಗಳನ್ನು ಮೊದಲೇ ಹೋಸಿಗೆ ಪೋಣಿಸಿಕೊಳ್ಳಿ. ಜಾರಲು ಕೂಲೆಂಟನ್ನೇ ಸವರಿ. ಗ್ರೀಸ್, ಎಂಜಿನ್ ಆಯಿಲ್ ಬೇಡ. ಮೂತಿಯ ತುದಿಯಲ್ಲಿ ಸುತ್ತಲೂ ಒಂದು ಉಬ್ಬು ಇರುತ್ತದೆ. ಹೋಸ್ ಅದನ್ನು ದಾಟಿ ಪೂರ್ತಿ ಒಳಗೆ ಬರಬೇಕು. ಕ್ಲಿಪ್ ಕೂರಬೇಕಾದದ್ದು ಉಬ್ಬಿನ ಹಿಂದೆ, ಹೋಸಿನ ಅಂಚಿನಿಂದ ಮೂರ್ನಾಲ್ಕು ಮಿಲಿಮೀಟರ್ ಒಳಗೆ. ಉಬ್ಬಿನ ಮೇಲೇ ಬಿಗಿದರೆ ಒಂದು ದಿನ ಜಾರುತ್ತದೆ. ಸ್ಕ್ರೂ ಕ್ಲಿಪ್ಪಿನ ಪಟ್ಟಿಯ ತೂತುಗಳಿಂದ ರಬ್ಬರ್ ಉಕ್ಕಿಬಂದರೆ ಬಿಗಿ ಅತಿಯಾಯಿತು, ಒಳಪದರ ಕತ್ತರಿಸಿಹೋಗುತ್ತದೆ. ಬಿಗಿಯುವ ಮೊದಲು ಹೋಸ್ ಬ್ಯಾಟರಿ ಸ್ಟ್ಯಾಂಡಿಗೋ ಫ್ಯಾನ್ ಅಂಚಿಗೋ ಉಜ್ಜುತ್ತಿಲ್ಲ ಎಂದು ನೋಡಿಕೊಳ್ಳಿ.

ತುಂಬಿ, ಗಾಳಿ ಬಿಡಿಸುವುದು

ಡ್ರೈನ್ ಮುಚ್ಚಿ, ಹೀಟರ್ ಲಿವರ್ ಪೂರ್ತಿ ಬಿಸಿ ಕಡೆಗೆ ತಳ್ಳಿ. ಕೂಲೆಂಟನ್ನು ಸಣ್ಣ ಧಾರೆಯಲ್ಲಿ ಸುರಿಯುತ್ತಾ ನಡುನಡುವೆ ಮೇಲಿನ ಹೋಸನ್ನು ಹಿಂಡಿ. ಗುಳುಗುಳು ಸದ್ದಿನೊಂದಿಗೆ ಗುಳ್ಳೆ ಏಳುತ್ತವೆ. ಎರಡೂವರೆ ಲೀಟರ್ ಇಳಿದಿದ್ದು ಒಂದೂವರೆ ಮಾತ್ರ ಹಿಡಿದರೆ ಉಳಿದ ಒಂದು ಲೀಟರಿನ ಜಾಗದಲ್ಲಿ ಗಾಳಿ ಕೂತಿದೆ. ಕ್ಯಾಪ್ ಹಾಕದೆ ಎಂಜಿನ್ ಐಡ್ಲಿಂಗಿನಲ್ಲಿ ಬಿಡಿ. ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ರೇಡಿಯೇಟರಿಗೆ ನೀರು ಹೋಗದಂತೆ ತಡೆಯುವ ವಾಲ್ವ್) ಸಾಮಾನ್ಯವಾಗಿ 82 ಡಿಗ್ರಿಗೆ ತೆರೆಯುತ್ತದೆ. ಆಗ ಮೇಲಿನ ಹೋಸ್ ಇದ್ದಕ್ಕಿದ್ದಂತೆ ಬಿಸಿಯಾಗಿ, ನೀರಿನ ಮಟ್ಟ ಕುಸಿಯುತ್ತದೆ. ಮತ್ತೆ ತುಂಬಿ, ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ. ಫ್ಯಾನ್ ತಾನಾಗಿ ಓಡಿ ತಾನಾಗಿ ನಿಲ್ಲುವವರೆಗೆ ಕಾಯಿರಿ.

ಈ ಹಂತದಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮೀಟರ್ ಮುಳ್ಳನ್ನೊಂದೇ ನಂಬಬೇಡಿ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಬಿಸಿ ತೋರಿಸುತ್ತದೆ. ನೀರು ಖಾಲಿಯಾಗಿ ಅದರ ಸುತ್ತ ಗಾಳಿ ನಿಂತರೆ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಮುಳ್ಳು ಏರಿ ಹಠಾತ್ತನೆ ಬಿದ್ದರೆ ಕೂಡಲೇ ಎಂಜಿನ್ ಆಫ್ ಮಾಡಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ.

ಮರುದಿನ ಬೆಳಿಗ್ಗೆ ರಿಸರ್ವ್ ಡಬ್ಬಿಯ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ ನೋಡಿ, ತಣ್ಣಗಿರುವಾಗಲೇ ಪ್ರತಿ ಸ್ಕ್ರೂ ಕ್ಲಿಪ್ಪಿಗೆ ಕಾಲು ಸುತ್ತು ಕೊಡಿ. ಹೊಸ ರಬ್ಬರ್ ಮೊದಲ ಬಿಸಿಗೆ ಒಂದಿಷ್ಟು ಒತ್ತಿಕೊಂಡು ಕ್ಲಿಪ್ ಸಡಿಲವಾಗಿರುತ್ತದೆ. ವಾರದ ನಂತರ ಮೂತಿಗಳ ಸುತ್ತ ಟಾರ್ಚ್ ಹಾಕಿ ನೋಡಿ: ಕೂಲೆಂಟಿನ ಬಣ್ಣದ ಒಣ ಉಪ್ಪು ಕಂಡರೆ ಹನಿ ಬೀಳದಿದ್ದರೂ ಅಲ್ಲಿ ಜಿನುಗುತ್ತಿದೆ, ಆ ಕ್ಲಿಪ್ ಬಿಚ್ಚಿ ಮತ್ತೆ ಕೂರಿಸಬೇಕು.