ಪ್ರೋಟಿಯೋಗ್ಲೈಕಾನ್: ಹಲ್ಲಿನೊಳಗಿನ ಸಕ್ಕರೆ ಸರಪಳಿ

ಹಲ್ಲಿನ ಖನಿಜವನ್ನು ಕರಗಿಸಿ, ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಳಗಿನ ಮೆತ್ತನೆಯ ತಿರುಳಿಗೂ ಅದನ್ನು ಸುತ್ತುವರಿದ ಗಟ್ಟಿ ಪದರವಾದ ಡೆಂಟಿನ್‌ಗೂ ನಡುವೆ ಒಂದು ಮಾಸಲು ಪಟ್ಟಿ ಕಾಣುತ್ತದೆ. ಅಗಲ ಸುಮಾರು 10ರಿಂದ 40 ಮೈಕ್ರೋಮೀಟರ್. ಹೆಸರು ಪ್ರಿಡೆಂಟಿನ್, ಅಂದರೆ ಇನ್ನೂ ಡೆಂಟಿನ್ ಆಗದ ಡೆಂಟಿನ್. ಡೆಂಟಿನ್‌ನ ತೂಕದಲ್ಲಿ ನೂರಕ್ಕೆ ಸುಮಾರು 70 ಪಾಲು ಖನಿಜವೇ. ಅದಕ್ಕೆ ಒತ್ತಿಕೊಂಡೇ ಇದ್ದರೂ ಈ ಪಟ್ಟಿ ಮಾತ್ರ ಗಟ್ಟಿಯಾಗುವುದಿಲ್ಲ. ಅದನ್ನು ತಡೆದು ನಿಲ್ಲಿಸುವ ಅಣುಗಳಲ್ಲಿ ಪ್ರೋಟಿಯೋಗ್ಲೈಕಾನ್ ಒಂದು.

ಹೆಸರನ್ನು ಬಿಡಿಸಿದರೆ ಅರ್ಥ ಸರಳ: ಪ್ರೋಟೀನಿನ ದಂಟು, ಅದಕ್ಕೆ ಬೆಸೆದುಕೊಂಡ ಸಕ್ಕರೆಯ ಉದ್ದನೆಯ ಸರಪಳಿಗಳು. ಹಲ್ಲನ್ನು ಹುಳುಕಾಗಿಸುವ ಸಕ್ಕರೆಯ ಮಾತು ಬೇರೆ. ಇವು ಜೀವಕೋಶಗಳೇ ಹೆಣೆದವು. ಸರಪಳಿಯುದ್ದಕ್ಕೂ ಸಲ್ಫೇಟ್ ಗುಂಪುಗಳಿದ್ದು ಋಣ ವಿದ್ಯುದಂಶ ತುಂಬಿರುತ್ತದೆ. ಹಾಗಾಗಿ ಅವು ನೀರನ್ನು ಸೆಳೆದು ಹಿಡಿಯುತ್ತವೆ, ಕ್ಯಾಲ್ಸಿಯಂ ಸಿಕ್ಕರೆ ಅದನ್ನೂ ಬಿಡುವುದಿಲ್ಲ.

ಡೆಂಟಿನ್‌ನಲ್ಲಿ ಎದ್ದು ಕಾಣುವವು ಎರಡು. ಬೈಗ್ಲೈಕಾನ್‌ಗೆ ಎರಡು ಸರಪಳಿ, ಹೆಸರೇ ಹೇಳುತ್ತದೆ. ಡೆಕೊರಿನ್‌ಗೆ ಒಂದೇ. ಕೊಲಾಜೆನ್ ಎಂಬ ಪ್ರೋಟೀನಿನ ನೂಲಿನ ಮೇಲೆ ಒಡವೆಯಂತೆ ಕೂರುತ್ತದೆಂದು ಇದಕ್ಕೆ ಆ ಹೆಸರು ಬಂತು. ನನಗಂತೂ ಅದು ತುಸು ಅನ್ಯಾಯದ ಹೆಸರು ಅನ್ನಿಸುತ್ತದೆ. ನೂಲು ಎಷ್ಟು ದಪ್ಪವಾಗಬೇಕು, ಪಕ್ಕದ ನೂಲಿನಿಂದ ಎಷ್ಟು ದೂರವಿರಬೇಕು ಎಂಬುದರಲ್ಲಿ ಡೆಕೊರಿನ್ ಕೈಯಿದೆ. ಇದನ್ನು ಒಡವೆ ಎನ್ನಲಾದೀತೇ?

ಪ್ರಿಡೆಂಟಿನ್‌ನಲ್ಲಿ ದಟ್ಟವಾಗಿರುವ ಕಾಂಡ್ರಾಯ್ಟಿನ್ ಸಲ್ಫೇಟ್ ಸರಪಳಿಯ ಅಣುಗಳು ಖನಿಜದ ಅಂಚು ಸಮೀಪಿಸಿದಂತೆ ಕಡಿಮೆಯಾಗುತ್ತವೆ. ಕಿಣ್ವಗಳು ಅವನ್ನು ತುಂಡರಿಸುತ್ತವೆ. ಕೆರಟಾನ್ ಸಲ್ಫೇಟ್ ಎಂಬ ಇನ್ನೊಂದು ಬಗೆಯ ಸರಪಳಿ ಇರುವವು ಅಲ್ಲಿ ಹೆಚ್ಚುತ್ತವೆ. ಹಾಗೆಂದು ಪ್ರೋಟಿಯೋಗ್ಲೈಕಾನ್ ಬರೀ ತಡೆಗೋಡೆಯಲ್ಲ. ದ್ರಾವಣದಲ್ಲಿ ಬಿಡಿಯಾಗಿದ್ದಾಗ ಹರಳುಗಟ್ಟುವುದನ್ನು ತಡೆಯುವ ಇದೇ ಅಣು, ಒಂದು ಮೇಲ್ಮೈಗೆ ಅಂಟಿ ನಿಂತಾಗ ಹರಳು ಮೂಡಲು ನೆಲೆಯಾಗಬಲ್ಲದು. ಡೆಕೊರಿನ್ ಅಥವಾ ಬೈಗ್ಲೈಕಾನ್ ಇಲ್ಲದಂತೆ ಮಾಡಿದ ಇಲಿಗಳಲ್ಲಿ ಡೆಂಟಿನ್ ಇನ್ನಷ್ಟು ಗಟ್ಟಿಯಾಗಲಿಲ್ಲ. ಖನಿಜ ತುಂಬುವ ಹದವೇ ಕೆಟ್ಟಿತು.

ಹಲ್ಲಿನ ಹೊರ ಹೊದಿಕೆಯಾದ ಎನಾಮೆಲ್ ಹುಟ್ಟುವಾಗ ಮುಖ್ಯ ಪಾತ್ರ ಅಮೆಲೋಜೆನಿನ್ ಎಂಬ ಬೇರೆಯೇ ಪ್ರೋಟೀನಿನದು. ಆದರೆ ಅದಕ್ಕೂ ಮೊದಲು, ಹಲ್ಲಿನ್ನೂ ವಸಡಿನೊಳಗಿನ ಮೊಗ್ಗಾಗಿರುವಾಗಲೇ, ಪ್ರೋಟಿಯೋಗ್ಲೈಕಾನ್‌ಗಳು ಕೆಲಸದಲ್ಲಿರುತ್ತವೆ. ಮೊಗ್ಗಿನ ಸುತ್ತ ಒತ್ತೊತ್ತಾಗಿ ಸೇರುವ ಕೋಶಗಳ ಮೈಮೇಲೆ ಸಿಂಡಿಕಾನ್ ಎಂಬ ಪ್ರೋಟಿಯೋಗ್ಲೈಕಾನ್ ಇರುತ್ತದೆ. ಬೆಳವಣಿಗೆಯ ಸಂಕೇತ ಹೊತ್ತು ಬರುವ ಪ್ರೋಟೀನುಗಳನ್ನು ಅದರ ಸರಪಳಿಗಳು ಹಿಡಿದಿಟ್ಟುಕೊಳ್ಳುತ್ತವೆ. ಮೊಗ್ಗು ಗಂಟೆಯ ಆಕಾರಕ್ಕೆ ಬರುವ ಹೊತ್ತಿಗೆ ಅದರ ನಡುಭಾಗದ ಕೋಶಗಳ ಸಂದುಗಳಲ್ಲಿ ಸಕ್ಕರೆ ಸರಪಳಿಗಳು ತುಂಬಿ, ನೀರು ಸೆಳೆದು ಉಬ್ಬುತ್ತವೆ. ಕೋಶಗಳು ದೂರ ಸರಿಯುತ್ತವೆ, ಆದರೆ ಒಂದರ ಕೈ ಇನ್ನೊಂದು ಬಿಡುವುದಿಲ್ಲ. ಎಳೆದಾಟದಲ್ಲಿ ಪ್ರತಿಯೊಂದೂ ನಕ್ಷತ್ರದಂತಾಗುತ್ತದೆ. ಎನಾಮೆಲ್ ಕಟ್ಟುವ ಕೆಲಸ ಶುರುವಾಗುವಾಗ ಈ ನೀರಿನ ದಿಂಬು ಕುಸಿಯುತ್ತದೆ, ಹೊರಗಿನ ರಕ್ತನಾಳಗಳು ಎನಾಮೆಲ್ ಕಟ್ಟುವ ಕೋಶಗಳ ಹತ್ತಿರಕ್ಕೆ ಬರುತ್ತವೆ.