ಚಾ ಬುಮ್-ಕುನ್: 308 ಪಂದ್ಯ, 98 ಗೋಲುಗಳ ಲೆಕ್ಕ ಓದುವ ಬಗೆ

ದಕ್ಷಿಣ ಕೊರಿಯಾದ ಫುಟ್‌ಬಾಲಿಗ ಚಾ ಬುಮ್-ಕುನ್ ಜರ್ಮನಿಯ ಅಗ್ರ ಲೀಗ್ ಬುಂಡೆಸ್‌ಲೀಗಾದಲ್ಲಿ ಆಡಿದ ಲೆಕ್ಕ ಇದು. ಮೊದಲು ಹೆಸರು. ಕೊರಿಯಾದಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ. ಇಲ್ಲಿ 'ಚಾ' ಮನೆತನ. 1953ರಲ್ಲಿ ಹ್ವಾಸೊಂಗ್‌ನಲ್ಲಿ ಹುಟ್ಟಿದ ಈ ಫಾರ್ವರ್ಡ್ ಆಟಗಾರ 1972ಕ್ಕೇ ರಾಷ್ಟ್ರೀಯ ತಂಡದಲ್ಲಿದ್ದರು.

ಅವರ ಸ್ವದೇಶದ ಆಟವನ್ನು ಕೆ-ಲೀಗ್ ಎಂದು ಬರೆದುಬಿಡುವುದು ಸಾಮಾನ್ಯ ತಪ್ಪು. ಕೊರಿಯಾದಲ್ಲಿ ವೃತ್ತಿಪರ ಲೀಗ್ ಶುರುವಾದದ್ದೇ 1983ರಲ್ಲಿ. ಅಷ್ಟರಲ್ಲಿ ಚಾ ಜರ್ಮನಿಯಲ್ಲಿ ನಾಲ್ಕು ಸೀಸನ್ ಮುಗಿಸಿದ್ದರು. ಊರಿನಲ್ಲಿ ಅವರು ಆಡಿದ್ದು ಕೊರಿಯಾ ವಿಶ್ವವಿದ್ಯಾಲಯ, ಬ್ಯಾಂಕಿನ ತಂಡ, ಆಮೇಲೆ ವಾಯುಪಡೆಯ ತಂಡಕ್ಕೆ.

ಈ ವಾಯುಪಡೆ ಎಂಬಲ್ಲಿ ನಿಧಾನಿಸಿ ಓದಬೇಕು. ಕೊರಿಯಾದಲ್ಲಿ ಗಂಡಸರಿಗೆ ಸೇನಾ ಸೇವೆ ಕಡ್ಡಾಯ. 1978ರ ಡಿಸೆಂಬರ್ 20ರಂದು ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್ 0-0ರಲ್ಲಿ ಮುಗಿದು, ಚಿನ್ನವನ್ನು ಉತ್ತರ ಕೊರಿಯಾದೊಂದಿಗೆ ಹಂಚಿಕೊಂಡದ್ದಾಯಿತು. ಡಿಸೆಂಬರ್ 30ಕ್ಕೆ ಚಾ ಜರ್ಮನಿಯ ಕ್ಲಬ್ ಡಾರ್ಮ್‌ಸ್ಟಾಟ್ ಪರ ಬೋಖುಮ್ ವಿರುದ್ಧ ಮೈದಾನದಲ್ಲಿ! ಆದರೆ ಸೇವೆಯ ಅವಧಿ ಇನ್ನೂ ಬಾಕಿ ಇತ್ತು, ವಾಪಸ್ ಹೋಗಲೇಬೇಕಾಯಿತು. ಅಂಕಿಪಟ್ಟಿಯಲ್ಲಿ 'ಡಾರ್ಮ್‌ಸ್ಟಾಟ್: 1 ಪಂದ್ಯ, 0 ಗೋಲು' ಎಂದಿರುವುದು ಇದೇ ಕಾರಣಕ್ಕೆ, ಆಟ ಕೈಕೊಟ್ಟದ್ದಕ್ಕಲ್ಲ. 1979ರ ಮೇ ಕೊನೆಗೆ ಸೇವೆ ಮುಗಿಯಿತು, ಫ್ರಾಂಕ್‌ಫರ್ಟ್ ಕರೆಯಿತು.

ಬುಂಡೆಸ್‌ಲೀಗಾ ಲೆಕ್ಕವನ್ನು ಕ್ಲಬ್‌ವಾರು ಒಡೆಯಿರಿ: ಡಾರ್ಮ್‌ಸ್ಟಾಟ್‌ನ ಆ ಒಂದು ಪಂದ್ಯ ಬಿಟ್ಟರೆ ಫ್ರಾಂಕ್‌ಫರ್ಟ್‌ಗೆ 122 ಪಂದ್ಯ, 46 ಗೋಲು, ಲೆವರ್ಕೂಸನ್‌ಗೆ 185 ಪಂದ್ಯ, 52 ಗೋಲು. ಸರಾಸರಿ ಸುಮಾರು 2.7 ಪಂದ್ಯಕ್ಕೊಂದರಿಂದ 3.6 ಪಂದ್ಯಕ್ಕೊಂದಕ್ಕೆ ಇಳಿದಿದೆ. ಇಷ್ಟು ನೋಡಿ 'ವಯಸ್ಸಾಯಿತು' ಎಂದು ಷರಾ ಬರೆಯಬೇಡಿ. ಅವರ ಅತ್ಯುತ್ತಮ ಲೀಗ್ ಸೀಸನ್ ಲೆವರ್ಕೂಸನ್‌ನಲ್ಲೇ ಬಂತು, 1985-86ರಲ್ಲಿ 17 ಗೋಲು. ಇನ್ನೊಂದು ಮಾತು: ಆ 98ರಲ್ಲಿ ಪೆನಾಲ್ಟಿಯದು ಒಂದೂ ಇಲ್ಲ. ಬೇರೆ ಸ್ಟ್ರೈಕರ್‌ಗಳ ಜತೆ ಹೋಲಿಸುವಾಗ ಅವರ ಪೆನಾಲ್ಟಿಗಳನ್ನು ಕಳೆದು ನೋಡಿದರೆ ಮಾತ್ರ ನ್ಯಾಯ.

ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುಇಎಫ್‌ಎ ಕಪ್ ಗೆದ್ದದ್ದು ಎರಡು ಬಾರಿ, ಎರಡು ಕ್ಲಬ್‌ಗಳ ಜತೆ. ಎರಡು ಫೈನಲ್‌ಗಳನ್ನೂ ಬಿಡಿಸಿಕೊಂಡರೆ ಅಂದಿನ ನಿಯಮ ತಲೆಗೆ ಹತ್ತುತ್ತದೆ: ಫೈನಲ್ ಎಂದರೆ ಒಬ್ಬೊಬ್ಬರ ಅಂಗಳದಲ್ಲಿ ಒಂದೊಂದು ಪಂದ್ಯ, ಒಟ್ಟು ಗೋಲು ಸಮವಾದರೆ ಎದುರಾಳಿಯ ಅಂಗಳದಲ್ಲಿ ಹೆಚ್ಚು ಗೋಲು ಹೊಡೆದವರಿಗೆ ಗೆಲುವು. 1980ರಲ್ಲಿ ಮೋನ್ಶನ್‌ಗ್ಲಾಡ್‌ಬಾಖ್‌ನಲ್ಲಿ ಫ್ರಾಂಕ್‌ಫರ್ಟ್ 2-3ರಿಂದ ಸೋತು, ಮನೆಯಂಗಳದಲ್ಲಿ 1-0ರಿಂದ ಗೆದ್ದಿತು. ಒಟ್ಟು 3-3, ಎದುರಾಳಿಯ ಅಂಗಳದಲ್ಲಿ ಹೊಡೆದ ಎರಡು ಗೋಲುಗಳೇ ಕಪ್ ತಂದವು. 1988ರಲ್ಲಿ ಲೆವರ್ಕೂಸನ್ ಎಸ್ಪಾನ್ಯೋಲ್‌ಗೆ 0-3ರಿಂದ ಸೋತು ಬಂದು, ಮನೆಯಲ್ಲಿ 3-0 ಮಾಡಿತು. ಮೂರನೆಯದು 81ನೇ ನಿಮಿಷದಲ್ಲಿ ಚಾ ತಲೆಯಿಂದ ಹೊಡೆದದ್ದು. ಇಲ್ಲಿ ಹೊರಗಿನ ಗೋಲು ಯಾರಿಗೂ ಇಲ್ಲ, ಹಾಗಾಗಿ ನಿರ್ಧಾರ ಪೆನಾಲ್ಟಿ ಶೂಟೌಟ್‌ಗೆ ಹೋಯಿತು: 3-2. ನಡುವೆ 1981ರ ಜರ್ಮನ್ ಕಪ್ ಕೂಡ ಇದೆ. ಆ ಫೈನಲ್‌ನಲ್ಲೂ ಚಾ ಗೋಲು ಹೊಡೆದರು.

ರಾಷ್ಟ್ರೀಯ ತಂಡದ 136 ಪಂದ್ಯ, 58 ಗೋಲು ಕೊರಿಯಾ ಫುಟ್‌ಬಾಲ್ ಸಂಸ್ಥೆಯ ಲೆಕ್ಕ. ಬಹುಪಾಲು 1978ರೊಳಗಿನದು. ಜರ್ಮನಿಗೆ ಹೋದ ಮೇಲೆ ದೊಡ್ಡ ಬಿಡುವು, ಆಮೇಲೆ ನೇರ 1986ರ ವಿಶ್ವಕಪ್. ಕೋಚ್ ಆಗಿ 1998ರ ವಿಶ್ವಕಪ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ 0-5 ಸೋತಾಗ ಟೂರ್ನಿ ಮುಗಿಯುವ ಮೊದಲೇ ಹುದ್ದೆ ಹೋಯಿತು. ಕೊರಿಯಾದ ಸುವೊನ್ ಕ್ಲಬ್‌ನ ಕೋಚ್ ಆಗಿ 2004 ಮತ್ತು 2008ರಲ್ಲಿ ಕೆ-ಲೀಗ್ ಗೆದ್ದರು.

ಕೊರಿಯಾದವರೇ ಆದ ಸನ್ ಹೆಂಗ್-ಮಿನ್ 2019ರ ನವೆಂಬರ್‌ನಲ್ಲಿ ಮುರಿದ ಚಾ ದಾಖಲೆ 121 ಗೋಲುಗಳದು. ಅದು ಯುರೋಪಿನ ಎಲ್ಲ ಟೂರ್ನಿಗಳನ್ನು ಸೇರಿಸಿದ್ದು. 98 ಬುಂಡೆಸ್‌ಲೀಗಾದ್ದು ಮಾತ್ರ.